ಸಿಲೋನಿನ ಬಾತು, ತಾಲ್ಲೂಕಿನ ಕೋವಿ

ಹಕ್ಕಿ ಶಿಕಾರಿಗಾಗಿ ವಿದೇಶ ಪ್ರವಾಸ ಕೈಗೊಳ್ಳತಕ್ಕದ್ದು ಎಂಬ ತೀರ್ಮಾನ ಒಂದು ಭಾನುವಾರ ಬೆಳಗ್ಗೆ, ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯ ಪಕ್ಕದ ಒಂದು ಪ್ರಾಥಮಿಕ ಶಾಲೆಯ ಎರಡನೆಯ ಕೋಣೆಯಲ್ಲಿ ಸರ್ವಾನುಮತದಿಂದ ಆಯಿತು. ಸಭೆಯಲ್ಲಿ ಮೂರು ಜನರಿದ್ದೆವು. ಮೂವರಿಗೂ ಸೇರಿ ಒಂದು ಕೋವಿ ಇತ್ತು. ಗೋಡೆಯ ಮೇಲೆ ಪ್ರಪಂಚದ ನಕಾಶೆ ಇತ್ತು. ಅದರಲ್ಲಿ ನಾವು ಹೋಗಬೇಕಾದ ಸಿಲೋನ್ ದ್ವೀಪದ ಅರ್ಧ ಭಾಗವನ್ನು ಗೆದ್ದಲು ತಿಂದಿತ್ತು. ಉಳಿದರ್ಧ ನಮ್ಮ ಉದ್ದೇಶಕ್ಕೆ ಸಾಕೆಂದು ಅಧ್ಯಕ್ಷರು ಅಭಿಪ್ರಾಯಪಟ್ಟರು.

ಅದು ಅರವತ್ತರ ದಶಕದ ನಡುಭಾಗ. ಜೋಗದ ಮೇಲ್ಗಡೆ ಹೊಸ ಅಣೆಕಟ್ಟಿಗೆ ನೀರು ನಿಲ್ಲತೊಡಗಿತ್ತು. ಗಾಡಿಗಳಲ್ಲಿ ಪಾತ್ರೆ ಪಗಡ ಹೇರಿಕೊಂಡು ಜನ ಊರು ಬಿಟ್ಟು ಹೋಗುವುದನ್ನು ನಾವೆಲ್ಲ ನೋಡಿದ್ದೆವು. ಹಾಗಾಗಿ ಮನುಷ್ಯ ಇದ್ದ ಜಾಗದಿಂದ ಇನ್ನೊಂದು ಕಡೆಗೆ ಹೋಗಬಹುದು ಎಂಬ ವಿಚಾರ ನಮಗೆ ತೀರಾ ಹೊಸದೇನಾಗಿರಲಿಲ್ಲ. ಖುಷಿಗಾಗಿ ಹೋಗಬಹುದು ಎಂಬುದು ಮಾತ್ರ ಹೊಸದು.

ಮೂವರಲ್ಲಿ ನಾನು ಆ ಶಾಲೆಯ ಹೆಡ್‌ಮಾಸ್ಟರ್. ಬೇರೆ ಮೇಷ್ಟ್ರು ಯಾರೂ ಇರಲಿಲ್ಲವಾದ್ದರಿಂದ ಆ ಪದವಿಗೆ ಸ್ಪರ್ಧೆಯೂ ಇರಲಿಲ್ಲ. ಸಾಗರದವನು, ಆಗಿನ್ನೂ ಮೂವತ್ತು ತುಂಬದವನು. ಹಕ್ಕಿ ತಿನ್ನಲು ನನ್ನ ಜಾತಿಯ ಅಡ್ಡಿಯಿರಲಿಲ್ಲ, ಹೊಡೆಯಲು ನನ್ನ ಗುರಿಯ ಅಡ್ಡಿಯಿತ್ತು. ಇಂಗ್ಲಿಷಿನಲ್ಲಿ ಕಾಗದ ಬರೆಯಬಲ್ಲವನೆಂದು ನನ್ನನ್ನು ಕಾರ್ಯದರ್ಶಿ ಮಾಡಿದರು. ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಸಾಧಿಸಿ ತೋರಿಸಬಲ್ಲವರು ಆ ಊರಿನಲ್ಲಿ ಯಾರೂ ಇರಲಿಲ್ಲ.

ಅಧ್ಯಕ್ಷರು ಊರಿನ ಜಮೀನುದಾರರು. ಊರೆಲ್ಲ ಅವರನ್ನು ಒಡೇರು ಎನ್ನುತ್ತಿತ್ತು. ಐವತ್ತರ ಆಸುಪಾಸು, ದಪ್ಪ ಕನ್ನಡಕ, ಎರಡು ಹೊತ್ತು ಸಂಧ್ಯಾವಂದನೆ. ಅವರ ಅಡುಗೆಮನೆಗೆ ಈರುಳ್ಳಿಯೇ ಕಾಲಿಟ್ಟಿರಲಿಲ್ಲ, ಇನ್ನು ಬಾತುಕೋಳಿಯ ಮಾತೆಲ್ಲಿ? ಇಂಥವರಿಗೆ ಶಿಕಾರಿ ಸಂಘದಲ್ಲಿ ಏನು ಕೆಲಸ ಎಂದು ಕೇಳಿದವರಿಗೆ ಅವರು ಹೇಳುತ್ತಿದ್ದುದು ಇಷ್ಟೆ: ಹೊಡೆಯುವವನು ಬೇರೆ, ತಿನ್ನುವವನು ಬೇರೆ, ತಾವು ನೋಡುವವರು, ನೋಡಿದ್ದಕ್ಕೆ ಯಾವ ಶಾಸ್ತ್ರದಲ್ಲೂ ಪ್ರಾಯಶ್ಚಿತ್ತ ಹೇಳಿಲ್ಲ. ನಿಜ ಸಂಗತಿಯೆಂದರೆ ಅವರಿಗೆ ಲಂಕೆಯನ್ನು ನೋಡುವ ಆಸೆ ಚಿಕ್ಕಂದಿನಿಂದ ಇತ್ತು. ಸಮುದ್ರ ದಾಟಿದರೆ ದೋಷವಲ್ಲವೇ ಎಂದು ಪುರೋಹಿತರೊಬ್ಬರು ಎತ್ತಿದ ಆಕ್ಷೇಪಣೆಗೂ ಉತ್ತರ ಸಿದ್ಧವಿತ್ತು. ಪುರಾಣ ಕಾಲದಲ್ಲಿ ಅಲ್ಲಿಗೆ ಸೇತುವೆ ಇತ್ತು, ಈಗ ರಿಪೇರಿಯಿಲ್ಲದೆ ಬಿದ್ದಿದೆ. ಸೇತುವೆ ಕೆಟ್ಟಲ್ಲಿ ದೋಣಿ ಹತ್ತುವುದು ತುಂಗೆಯಲ್ಲೂ ಇದೆ, ಅದಕ್ಕೆಲ್ಲ ಸಮುದ್ರೋಲ್ಲಂಘನೆ ಎನ್ನುತ್ತಾರೆಯೇ?

ಮೂರನೆಯವನು ನಮ್ಮ ಈಡುಗಾರ. ಗುರಿಯಿಟ್ಟು ಹೊಡೆಯುವವನಿಗೆ ನಮ್ಮ ಕಡೆ ಈಡುಗಾರ ಎನ್ನುತ್ತಾರೆ. ಊರಿನಲ್ಲಿ ಕೋವಿ ಹಿಡಿದವರು ನಾಲ್ಕಾರು ಮಂದಿ ಇದ್ದರೂ ಆ ಹೆಸರು ಸಲ್ಲುತ್ತಿದ್ದುದು ಇವನೊಬ್ಬನಿಗೆ. ನಲವತ್ತರ ಒಳಗಿನ ವಯಸ್ಸು, ಕಡಿಮೆ ಮಾತು. ಒಡೇರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ. ಅವನಪ್ಪನೂ ಮಾಡಿದ್ದ, ಅಜ್ಜನೂ ಮಾಡಿದ್ದ. ಅವನ ಕೋವಿ ಒಂಟಿ ನಳಿಗೆಯದು. ಬಾಯಿಂದ ಮದ್ದು, ನಾರು, ಚರೆ ತುಂಬಿ, ಕೋಲಿನಿಂದ ಗಿಡಿದು, ಹಿಂದೆ ಕಿಡಿ ಹಾರಿಸುವ ಕೇಪು ಇಟ್ಟು ಹೊಡೆಯಬೇಕು. ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಹಕ್ಕಿ ಹಾರಿಹೋಗುವುದಿಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ. ಅದಕ್ಕೇ ಮೊದಲನೇದಕ್ಕೇ ಹೊಡೀಬೇಕು ಮೇಷ್ಟ್ರೇ, ಎಂದಿದ್ದ.

ಸಿಲೋನಿನ ವಿಚಾರ ತಂದವರು ಒಡೇರ ಭಾವ. ಅವರು ಕೊಲಂಬೋದಲ್ಲಿ ಹೋಟೆಲಿಟ್ಟುಕೊಂಡಿದ್ದರು. ಮೂರು ವರ್ಷಕ್ಕೊಮ್ಮೆ ಆಗುಂಬೆ ಘಾಟಿ ಹತ್ತಿ ತಂಗಿಯ ಮನೆಗೆ ಬರುವರು. ಆ ಸಲ ಬಂದಾಗ, ಆ ದ್ವೀಪದ ಉತ್ತರಕ್ಕಿರುವ ಕೆರೆಗಳಲ್ಲಿ ಮಾರ್ಗಶಿರ ಪುಷ್ಯದ ಹೊತ್ತಿಗೆ ಬಾತುಗಳು ಹೇಗೆ ಇಳಿಯುತ್ತವೆಂದು ವರ್ಣಿಸಿದರು. ಕೆರೆಯ ನೀರು ಕಾಣಿಸುವುದಿಲ್ಲವಂತೆ. ಕಲ್ಲೆಸೆದರೆ ಕಲ್ಲು ಮುಳುಗುವುದಿಲ್ಲವಂತೆ, ಬಾತಿನ ಬೆನ್ನ ಮೇಲೆ ಕೂರುತ್ತದಂತೆ. ಒಂದು ಈಡಿಗೆ ಹನ್ನೊಂದು ಬಿದ್ದದ್ದನ್ನು ಅವರ ಹೋಟೆಲಿನ ಗಿರಾಕಿಯೊಬ್ಬ ಕಂಡವರಿಂದ ಕೇಳಿದ್ದನಂತೆ. ಈಡುಗಾರ ಚಾವಡಿಯ ಕೆಳಗೆ ನಿಂತು ಕೇಳುತ್ತಿದ್ದ. ನಮ್ಮ ಕಾಡಿನಲ್ಲಿ ಒಂದು ಕಾಡುಕೋಳಿಗೆ ಅರ್ಧ ದಿನ ಲಂಟಾನದ ಪೊದೆಯಲ್ಲಿ ಕೂರುವವನು ಅವನು. ಮರುದಿನ ಶಾಲೆಗೆ ಬಂದು ನಕಾಶೆಯ ಮುಂದೆ ಬಹಳ ಹೊತ್ತು ನಿಂತ. ಆಮೇಲೆ, ಆ ಹನ್ನೊಂದು ಬಾತು ಎಷ್ಟು ದೂರದಲ್ಲಿದ್ದುವು ಅಂತ ಕೇಳಿದ್ರಾ, ಎಂದು ವಿಚಾರಿಸಿದ. ರೋಗ ಅವನಿಗೂ ತಗುಲಿದೆಯೆಂದು ನನಗೆ ಖಚಿತವಾಯಿತು.

ಭಾವ ಖರ್ಚೆಲ್ಲ ತಮ್ಮದೆಂದು ಹೇಳಿಹೋಗಿದ್ದರು, ಆದ್ದರಿಂದ ಆ ಬಗ್ಗೆ ಚರ್ಚೆ ಬೇಕಾಗಲಿಲ್ಲ. ಚರ್ಚೆ ನಡೆದದ್ದು ಗಂಭೀರ ವಿಷಯಗಳ ಮೇಲೆ. ಮೊದಲನೆಯದು ಪಾಲಿನ ಪ್ರಶ್ನೆ. ನಮ್ಮಲ್ಲಿ ಶಿಕಾರಿಯಾದರೆ ಹಂಚುವ ಕ್ರಮ ಉಂಟು. ಹೊಡೆದವನಿಗೆ ಈಡಿನ ಪಾಲು, ಹಳು ಸೋವಿದವರಿಗೆ, ಅಂದರೆ ಪೊದೆ ಬಡಿದು ಪ್ರಾಣಿಯನ್ನು ಎಬ್ಬಿಸಿದವರಿಗೆ, ಸೋವಿನ ಪಾಲು, ನಾಯಿಗೆ ನಾಯಿಯ ಪಾಲು, ಇವಲ್ಲದೆ ಕೋವಿ ಯಾರದೋ ಅವರಿಗೆ ಕೋವಿಯ ಪಾಲು. ಸಿಲೋನಿನಲ್ಲಿ ಸೋವುವವರು ಆ ದೇಶದವರಾದರೆ ಅವರಿಗೆ ಈ ಕಾನೂನು ಹೇಗೆ ಅನ್ವಯಿಸುತ್ತದೆ? ಒಡೇರು ಕಣ್ಣು ಮುಚ್ಚಿ ಯೋಚಿಸಿ, ಬಾತು ಬಿದ್ದ ದೇಶದ ಪದ್ಧತಿಯೇ ನಡೆಯತಕ್ಕದ್ದೆಂದು ತೀರ್ಪು ಕೊಟ್ಟರು. ಕೋವಿ ಮಾತ್ರ ನಮ್ಮ ದೇಶದ್ದಾದ್ದರಿಂದ ಅದರ ಪಾಲು ನಮ್ಮ ಪದ್ಧತಿಯಂತೆ ಸಲ್ಲಬೇಕು. ಯಾರ ಹೆಸರಿಗೆ ಬರೆಯಲಿ ಎಂದು ಈಡುಗಾರನನ್ನು ಕೇಳಿದೆ. ಕೋವಿ ಪಾಲು ನಮ್ಮಪ್ಪಂದು, ಅಂದ. ಅವನಪ್ಪ ತೀರಿಕೊಂಡು ಆಗಲೇ ಒಂಬತ್ತು ವರ್ಷ. ಪಿತೃಪಕ್ಷದಲ್ಲಿ ಎಡೆಯಿಡುವ ಮಾತಿರಬೇಕೆಂದು ತಿಳಿದು ನಾನು ಹಾಗೆಯೇ ಬರೆದುಕೊಂಡೆ. ಕಾರ್ಯದರ್ಶಿ ಸ್ವಲ್ಪ ಕಿವಿಗೊಡಬೇಕಾದ ಕಡೆ ಅಕ್ಷರಕ್ಕೆ ಮಾತ್ರ ಗಮನಕೊಟ್ಟ.

ಎರಡನೆಯದು ಸಾಮಾನಿನ ಪ್ರಶ್ನೆ. ಒಡೇರು ತಮ್ಮ ಅಕ್ಕಿ, ಬೇಳೆ, ಸೀಮೆಎಣ್ಣೆ ಸ್ಟೋವು, ಒಂದು ಡಬ್ಬಿ ಅಪ್ಪೆಮಿಡಿ ಉಪ್ಪಿನಕಾಯಿ, ಕುಡಿಯುವ ನೀರಿಗೆ ಎರಡು ಕೊಡ, ಇಷ್ಟನ್ನು ಒಯ್ಯುವವರಿದ್ದರು. ಸಮುದ್ರದ ಗಾಳಿಗೆ ಮದ್ದು ತೇವವಾಗದಂತೆ ಒಯ್ಯುವುದು ಹೇಗೆಂಬುದು ಈಡುಗಾರನ ಚಿಂತೆ. ಅಪ್ಪೆಮಿಡಿಯ ಡಬ್ಬಿಯೊಂದು ಖಾಲಿಯಾದರೆ ಅದರಲ್ಲಿ ತುಂಬಬಹುದೆಂದು ನಾನು ಸೂಚಿಸಿದೆ. ಹೋಗುವಾಗಲೇ ಡಬ್ಬಿ ಖಾಲಿಯಿದ್ದರೆ ಅಲ್ಲಿ ತಾವು ನಂಜಿಕೊಳ್ಳುವುದೇನು ಎಂದು ಒಡೇರು ಕೇಳಿದರು. ಆ ಸೂಚನೆ ಬಿದ್ದುಹೋಯಿತು.

ಮೂವರೂ ಸಾಗರಕ್ಕೆ ಹೋಗಿ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡೆವು. ಈಡುಗಾರ ಫೋಟೋಕ್ಕೆ ಕೋವಿ ಹಿಡಿದು ನಿಲ್ಲುತ್ತೇನೆಂದ. ಸ್ಟುಡಿಯೋದವರು ಬರೀ ಮುಖ ಸಾಕೆಂದು ಹೇಳಿನೋಡಿದರು. ಮುಖ ನೋಡಿ ಇವ ಯಾಕೆ ಬಂದ ಅಂತ ಅಲ್ಲಿಯವರಿಗೆ ಹೆಂಗೆ ಗೊತ್ತಾಗ್ಬೇಕು ಎಂಬುದು ಅವನ ವಾದ. ಕೊನೆಗೆ ಕೋವಿ ಹಿಡಿಸಿಯೇ ತೆಗೆದು, ಆಮೇಲೆ ಕತ್ತರಿಯಲ್ಲಿ ಮುಖವನ್ನಷ್ಟೇ ಕತ್ತರಿಸಿಕೊಟ್ಟರು. ಕಿವಿಯ ಪಕ್ಕದಲ್ಲಿ ನಳಿಗೆಯ ತುದಿ ಒಂದಿಷ್ಟು ಉಳಿದುಕೊಂಡಿತ್ತು.

ಆಮೇಲೆ ಕೊಲಂಬೋದಿಂದ ಕಾಗದ ಬಂತು. ಕೋವಿಯನ್ನು ತರುವುದಾದರೆ ಅಲ್ಲಿಯ ಸರ್ಕಾರದ ಅಪ್ಪಣೆಯೂ ಬೇಕು, ಇಲ್ಲಿಯ ಸರ್ಕಾರದ ಅಪ್ಪಣೆಯೂ ಬೇಕು, ಇಲ್ಲಿಯದನ್ನು ನೀವು ನೋಡಿಕೊಳ್ಳಿ ಎಂದು ಭಾವ ಬರೆದಿದ್ದರು. ನಾನು ಹುರುಪಿನಲ್ಲಿದ್ದೆ. ಅದೇ ದಿನ ಮೇಲಿನ ಕಚೇರಿಗೆ ಎರಡು ಪುಟದ ಅರ್ಜಿ ಬರೆದೆ. ಈಡುಗಾರನಿಗೆ ಲೈಸನ್ಸಿನ ನಂಬರು ಬಾಯಿಪಾಠ ಬರುತ್ತಿತ್ತು. ಅವನು ಹೇಳಿದ, ನಾನು ಬರೆದೆ. ಅರ್ಜಿದಾರ ಎಂಬಲ್ಲಿ ಅವನ ಹೆಸರು ಹಾಕಿ ಸಹಿ ಮಾಡೆಂದು ಕೊಟ್ಟೆ. ಅವನು ಒಂದು ಕ್ಷಣ ಕಾಗದ ನೋಡಿದ. ಸಹಿ ಮಾಡುವುದಷ್ಟನ್ನೇ ಕಲಿತಿದ್ದವನು ಏನು ಓದಿಯಾನು? ಸಹಿ ಹಾಕಿದ. ವಿಳಾಸ ನನ್ನ ಶಾಲೆಯದೇ ಕೊಟ್ಟೆ.

ಉತ್ತರ ದಸರಾ ಕಳೆದು ಬಂತು. ಪೋಸ್ಟಿನವರು ಸರ್ಕಾರಿ ಮೊಹರಿನ ಉದ್ದ ಲಕೋಟೆ ಕೊಟ್ಟಾಗ ನಾನು ಅದನ್ನು ನಮ್ಮ ವಿದೇಶ ಪ್ರವಾಸದ ಅಪ್ಪಣೆಯೆಂದೇ ಭಾವಿಸಿ, ಮೂರನೇ ಕ್ಲಾಸಿನ ಮಗ್ಗಿಯನ್ನು ಅರ್ಧಕ್ಕೆ ನಿಲ್ಲಿಸಿ ಒಡೆದೆ. ಒಳಗೆ ನಾಲ್ಕೇ ಸಾಲು. ತಾವು ನಮೂದಿಸಿದ ನಂಬರಿನ ಲೈಸನ್ಸು ಬೇರೊಬ್ಬರ ಹೆಸರಿನಲ್ಲಿರುತ್ತದೆ. ಆ ಕೋವಿ ತಮ್ಮ ವಶದಲ್ಲಿರಲು ಕಾರಣವೇನು. ಹದಿನೈದು ದಿನದೊಳಗೆ ಕೋವಿ ಮತ್ತು ಲೈಸನ್ಸಿನೊಂದಿಗೆ ಹೊಸನಗರದ ಕಚೇರಿಯಲ್ಲಿ ಹಾಜರಾಗಿ ಸಮಜಾಯಿಷಿ ನೀಡತಕ್ಕದ್ದು.

ಈಡುಗಾರನನ್ನು ಕರೆಸಿದೆ. ಅವನು ಮನೆಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದ. ಅದರೊಳಗೆ ಅಡಿಕೆ ಹಾಳೆಯ ಮಡಿಕೆಯಲ್ಲಿ ಲೈಸನ್ಸಿನ ಪುಸ್ತಕ ಇತ್ತು. ತೆರೆದು ನೋಡಿದರೆ ಅವನಪ್ಪನ ಹೆಸರು, ಅವನಪ್ಪನ ಹೆಬ್ಬೆಟ್ಟು. ಬೆಳೆ ರಕ್ಷಣೆಗಾಗಿ, ಇಂತಿಂಥ ಸರ್ವೆ ನಂಬರಿನ ಗದ್ದೆಗಳಿಗೆ, ತಾಲ್ಲೂಕಿನ ಗಡಿಯೊಳಗೆ ಮಾತ್ರ. ಕೆಳಗೆ ವರ್ಷ ವರ್ಷವೂ ತಪ್ಪದೆ ಆದ ನವೀಕರಣದ ಮೊಹರುಗಳು. ತೀರಿಕೊಂಡ ಮೇಲೂ ಆ ಹಿರಿಯರು ಒಂಬತ್ತು ವರ್ಷ ಒಂದು ದಿನವೂ ತಡಮಾಡದೆ ತಮ್ಮ ಲೈಸನ್ಸನ್ನು ನವೀಕರಿಸಿಕೊಂಡಿದ್ದರು. ಬದುಕಿರುವವರಲ್ಲೂ ಇಂಥ ಶಿಸ್ತು ಅಪರೂಪ.

“ಪ್ರತಿ ವರ್ಷ ನೀನೇ ಹೋಗ್ತಿದ್ಯಾ?” ಎಂದು ಕೇಳಿದೆ.

“ಮತ್ಯಾರು ಹೋಗ್ತಾರೆ? ಪುಸ್ತಕ ಯಾರ್ದು ಅಂತ ಕೇಳ್ತಾರೆ, ಅಪ್ಪನ ಹೆಸರು ಹೇಳ್ತೀನಿ. ಇದಾರಾ ಅಂತ ಯಾರೂ ಕೇಳಿಲ್ಲ ಮೇಷ್ಟ್ರೇ. ಕೇಳಿದ್ರೆ ಹೇಳ್ತಿದ್ದೆ.”

ತಪ್ಪು ಕಚೇರಿಯದಲ್ಲ. ಸತ್ತವರು ತಾವಾಗಿ ಬಂದು ತಿಳಿಸದಿದ್ದರೆ ಕಚೇರಿಯವರು ಏನು ಮಾಡಬೇಕು? ತಪ್ಪು ಅವನದು ಎನ್ನಲೂ ನನಗೆ ಬಾಯಿ ಬರಲಿಲ್ಲ. ಒಂಬತ್ತು ವರ್ಷ ಯಾರ ತಂಟೆಗೂ ಹೋಗದೆ ಗದ್ದೆಯ ಕಾವಲು ಮಂಚಿಕೆಯಲ್ಲಿ ಹಂದಿ ಕಾಯುತ್ತಿದ್ದ ಕೋವಿಯನ್ನು ಎರಡು ಪುಟದ ಇಂಗ್ಲಿಷಿನಿಂದ ಸರ್ಕಾರದ ಕಣ್ಣಿಗೆ ತಂದವನು ನಾನು.

ಮೂರನೇ ದಿನ ಇಬ್ಬರೂ ಬಸ್ಸು ಹಿಡಿದು ಹೊಸನಗರಕ್ಕೆ ಹೋದೆವು. ಅಧಿಕಾರಿ ಸಾವಧಾನದ ಮನುಷ್ಯ. ಲೈಸನ್ಸಿನ ಪುಟಗಳನ್ನೆಲ್ಲ ತಿರುವಿ, ಸಿಲೋನಿಗೆ ಹೊರಟಿದ್ದು ಇದೇ ಕೋವಿಯಾ ಎಂದು ಕೇಳಿದರು. ಇದೇ ಎಂದೆ. ಕೇಪಿನದಾ ಎಂದರು. ಕೇಪಿನದೇ ಎಂದೆ. ಅವರು ಕೆಲ ಹೊತ್ತು ಕಿಟಕಿಯ ಹೊರಗೆ ನೋಡಿದರು. ಆಮೇಲೆ ದಾರಿ ಹೇಳಿಕೊಟ್ಟರು. ಮಗ ಹೊಸದಾಗಿ ಅರ್ಜಿ ಹಾಕಿಕೊಳ್ಳಲಿ. ಬೆಳೆ ರಕ್ಷಣೆಗೆಂದರೆ ಸಿಗುತ್ತದೆ. ಆದರೆ ಬೆಳೆ ಇವನದೆಂದು ಗೊತ್ತಾಗಬೇಕಲ್ಲ, ಪಹಣಿಯಲ್ಲಿ ಇರುವುದು ಜಮೀನುದಾರರ ಹೆಸರು. ಈ ಗದ್ದೆಗಳನ್ನು ಸಾಗುವಳಿ ಮಾಡುತ್ತಿರುವವನು ಇವನೇ ಎಂದು ಜಮೀನುದಾರರು ಬರೆದು ಸಹಿ ಮಾಡಿಕೊಟ್ಟರೆ ಸಾಕು. ಹದಿನೈದು ದಿನದ ಒಳಗೆ ಅದು ಬಾರದಿದ್ದರೆ ಕೋವಿಯನ್ನು ಠೇವಣಿ ಇಟ್ಟುಬಿಡಬೇಕು, ಮತ್ತೆ ಬಿಡಿಸಿಕೊಳ್ಳುವುದು ಕಷ್ಟ.

ನಾನು, ಅದೇನು ಮಹಾ, ನಮ್ಮ ಅಧ್ಯಕ್ಷರೇ ಅಲ್ಲವೇ, ಎಂದುಕೊಂಡು ಹೊರಬಂದೆ. ಬಸ್ಸಿನಲ್ಲಿ ಈಡುಗಾರ ಕೋವಿಯನ್ನು ಮೊಣಕಾಲ ನಡುವೆ ನೆಟ್ಟಗೆ ಹಿಡಿದು ಕೂತಿದ್ದ. ಅರ್ಧ ದಾರಿಗೆ ಬಂದ ಮೇಲೆ ಬಾಯಿ ಬಿಟ್ಟ.

“ಒಡೇರ ಹತ್ರ ಇದನ್ನ ಕೇಳ್ಬೇಡಿ ಮೇಷ್ಟ್ರೇ. ಕೋವಿ ಹೋದ್ರೆ ಹೋಗ್ಲಿ. ಕಾಗದ ಕೇಳಿದ್ರೆ ಗದ್ದೆ ಹೋಗ್ತದೆ.”

ಊರಿನ ಮೇಷ್ಟ್ರಾಗಿ ಆರು ವರ್ಷ ಕಳೆದಿದ್ದರೂ ನನಗೆ ಇದು ಹೊಳೆದಿರಲಿಲ್ಲ. ಆ ಕಡೆ ಗೇಣಿಯೆಂಬುದು ಕಾಗದದ ಮೇಲೆ ಇರುತ್ತಲೇ ಇರಲಿಲ್ಲ. ಅಜ್ಜ ಬಾಯಿಮಾತಿನಲ್ಲಿ ಹಿಡಿದದ್ದು, ಮೊಮ್ಮಗ ಬಾಯಿಮಾತಿನಲ್ಲೇ ಮಾಡುತ್ತಿದ್ದುದು. ಸುಗ್ಗಿಯಲ್ಲಿ ಕಣದಲ್ಲೇ ಭತ್ತ ಅಳೆದು ಕೊಟ್ಟರೆ ಮುಗಿಯಿತು, ಚೀಟಿಯಿಲ್ಲ, ರಸೀದಿಯಿಲ್ಲ. ಉಳುವವನಿಗೇ ಭೂಮಿ ಎಂಬ ಮಾತು ಪೇಪರುಗಳಲ್ಲಿ ಬರತೊಡಗಿದ ಮೇಲಂತೂ ಜಮೀನುದಾರರು ಒಕ್ಕಲಿನ ಹೆಸರನ್ನು ಮದುವೆಯ ಕರೆಯೋಲೆಯ ಲಕೋಟೆಯ ಮೇಲೆ ಬರೆಯಲೂ ಹಿಂದೆ ಮುಂದೆ ನೋಡುತ್ತಿದ್ದರು. ಪಕ್ಕದ ಊರಿನಲ್ಲಿ ಯಾರೋ ರಸೀದಿ ಕೇಳಿದ್ದಕ್ಕೆ ಮರುವರ್ಷ ಅವರ ಗದ್ದೆ ಬೇರೆಯವರ ಕೈಗೆ ಹೋಗಿತ್ತು. ಇವನ ಮನೆಯ ಹೆಸರು ಸರ್ಕಾರದ ಪುಸ್ತಕದಲ್ಲಿ ಎಲ್ಲಾದರೂ ಆ ಗದ್ದೆಯ ಜೊತೆಗೆ ಇದ್ದರೆ ಅದು ಆ ಕೋವಿಯ ಲೈಸನ್ಸಿನಲ್ಲಿ ಮಾತ್ರ. ಇವನಪ್ಪನಿಗೆ ಆ ಕಾಲದಲ್ಲಿ ಅದು ಹೇಗೋ ಸಿಕ್ಕಿತ್ತು. ಸತ್ತವನ ಹೆಸರನ್ನು ಇವನು ಯಾಕೆ ಬದಲಾಯಿಸಲಿಲ್ಲವೆಂಬುದು ಈಗ ತಿಳಿಯಿತು. ಬದಲಾಯಿಸಹೋದರೆ ಇವತ್ತು ಕೇಳಿದ ಪ್ರಶ್ನೆಯನ್ನೇ ಒಂಬತ್ತು ವರ್ಷದ ಹಿಂದೆ ಕೇಳುತ್ತಿದ್ದರು.

ಕೋವಿ ಹೋಗಲಿ ಎಂದು ಅವನು ಹೇಳಿದ್ದು ಬಾಯಿಗೆ ಸುಲಭ. ಕದಿರು ಬಲಿಯುವ ಎರಡು ತಿಂಗಳು ಆ ಮೂಲೆಯ ಗದ್ದೆಗೆ ಹಂದಿಯ ಹಿಂಡು ಇಳಿಯುತ್ತಿತ್ತು. ಕೋವಿಯಿಲ್ಲದ ಸುಗ್ಗಿಯಲ್ಲಿ ಕಣಕ್ಕೆ ಬರುವುದು ಹುಲ್ಲು ಮಾತ್ರ.

ಅವನು ಬೇಡವೆಂದರೂ ನಾನು ಸುಮ್ಮನಿರಲಿಲ್ಲ. ಗೊಂದಲ ಎಬ್ಬಿಸಿದವನು ನಾನು. ಎಬ್ಬಿಸಿ ಸುಮ್ಮನೆ ಕೂರುವುದು ಹೇಗೆ? ಮುಂದಿನ ಭಾನುವಾರ ಸಭೆ ಸೇರಿದಾಗ ಈಡುಗಾರ ಬಂದಿರಲಿಲ್ಲ. ಒಡೇರು ಸ್ಟೋವಿನ ಪಿನ್ನು ಸಿಲೋನಿನಲ್ಲಿ ಸಿಗುತ್ತದೋ ಇಲ್ಲವೋ ಎಂಬ ವಿಷಯ ಎತ್ತಿಕೊಂಡಿದ್ದರು. ನಾನು ಕಚೇರಿಯ ಕಾಗದವನ್ನು ಓದಿ ಹೇಳಿ, ತಮ್ಮ ಸಹಿ ಬೇಕಾಗಿದೆ, ಕೇಳುತ್ತಿರುವವನು ಈಡುಗಾರನಲ್ಲ, ನಾನು, ಎಂದು ಸ್ಪಷ್ಟಪಡಿಸಿದೆ. ಒಡೇರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಎರಡು ಸಲ ಒರೆಸಿದರು. ನಕಾಶೆಯ ಕಡೆ ನೋಡುತ್ತ, ಸಿಲೋನು ಈ ವರ್ಷವೇ ಆಗ್ಬೇಕು ಅಂತೇನೂ ಇಲ್ಲ ಮೇಷ್ಟ್ರೇ, ಎಂದು ಎದ್ದು ಹೋದರು.

ಐದು ದಿನ ಅವರ ಸುದ್ದಿಯಿಲ್ಲ. ಆರನೆಯ ದಿನ ಸಂಜೆ ನಾನೇ ಹೋದೆ. ಕರೆಯುವ ಮೊದಲೇ ಒಳಗೆ ಗಂಡ ಹೆಂಡತಿ ಮಾತಾಡುವುದು ಕೇಳಿಸಿತು. ಬಾಗಿಲಲ್ಲಿ ನಿಂತು ಬೇರೆಯವರ ಮಾತು ಕೇಳಬಾರದೆಂದು ಮಕ್ಕಳಿಗೆ ಪಾಠ ಮಾಡುವವನು ನಾನು. ಕೇಳಿದೆ.

“ಎಂತ ಇದ್ದು ಅದ್ರಲ್ಲಿ?” ಎಂದು ಅಮ್ಮನವರು ತಮ್ಮ ಮನೆಮಾತಿನಲ್ಲಿ ಹೇಳುತ್ತಿದ್ದರು. “ಅಂವ ಉಳ್ತಾ ಇಪ್ಪದು ಸುಳ್ಳಾ? ಸುಳ್ಳಾದ್ರೆ ಬರೆಯದು ಬ್ಯಾಡ.”

“ಸುಳ್ಳು ಹೇಳಿ ಆನು ಹೇಳಿದ್ನಿಲ್ಲೆ,” ಎಂದರು ಒಡೇರು, ಸುಳ್ಳೆಂದು ತಾವು ಹೇಳಿಲ್ಲವೆಂಬ ಅರ್ಥದಲ್ಲಿ.

ನಾನು ಕೆಮ್ಮಿ ಒಳಗೆ ಹೋದೆ. ಒಡೇರು ನನ್ನನ್ನು ಕಂಡವರೇ ಕಾಗದ ಪೆನ್ನು ತರಿಸಿ, ಬನ್ನಿ, ಬರೆಯುವ ಎಂದರು.

ಆ ಸಂಜೆ ಕನ್ನಡ ಭಾಷೆಯ ಶಕ್ತಿ ಎಷ್ಟೆಂದು ನನಗೆ ಮನದಟ್ಟಾಯಿತು. ‘ಉಳುತ್ತಾನೆ’ ಎಂಬ ಒಂದು ಮಾತನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ಒಡೇರು ಬಳಸಿನೋಡಿದರು. ಸದರಿ ಗದ್ದೆಗಳಲ್ಲಿ ಹಂದಿಗಳ ಉಪಟಳ ವಿಪರೀತವಾಗಿರುತ್ತದೆ ಎಂದು ಮೊದಲ ಕರಡು. ಅದರಲ್ಲಿ ಹಂದಿಗಳಿದ್ದವು, ಮನುಷ್ಯರೇ ಇರಲಿಲ್ಲ. ಎರಡನೆಯದರಲ್ಲಿ ಮನುಷ್ಯ ಬಂದ, ಆದರೆ ಸದರಿ ಗದ್ದೆಗಳ ಕಡೆ ಓಡಾಡಿಕೊಂಡಿರುತ್ತಾನೆ. ಓಡಾಡಿಕೊಂಡಿರುವವನಿಗೆ ಕೋವಿ ಯಾಕೆಂದು ಕೇಳುತ್ತಾರೆ ಎಂದೆ. ಕೊನೆಗೆ, ಸದರಿ ಗದ್ದೆಗಳನ್ನು ಬಹಳ ಕಾಲದಿಂದ ನಂಬಿಕೆಯಿಂದ ನೋಡಿಕೊಂಡಿರುತ್ತಾನೆ, ಎಂಬಲ್ಲಿಗೆ ಬಂದು ನಿಂತರು. ಇನ್ನು ಮುಂದಕ್ಕೆ ಒಂದು ಅಕ್ಷರವೂ ಹೋಗಲಾರೆ ಎಂಬಂತೆ ಪೆನ್ನಿನ ಮುಚ್ಚಳ ಹಾಕಿದರು. ನಾನೇ ತಂದುಕೊಡುತ್ತೇನೆ ಕಚೇರಿಗೆ, ಎಂದು ಕಾಗದವನ್ನು ಜೇಬಿಗಿಟ್ಟರು.

ಕೊನೆಯ ದಿನ ಬೆಳಗಿನ ಬಸ್ಸಿಗೆ ಮೂವರೂ ಸೇರಿದೆವು. ಈಡುಗಾರ ಕೋವಿಗೆ ಎಣ್ಣೆ ಹಚ್ಚಿ, ನಳಿಗೆ ತಿಕ್ಕಿ, ಹೊಸ ಪಂಚೆಯ ತುಂಡಿನಲ್ಲಿ ಸುತ್ತಿ ತಂದಿದ್ದ. ಠೇವಣಿ ಇಡುವುದೆಂದೇ ಅವನು ನಿಶ್ಚಯಿಸಿದ್ದ. ಒಡೇರನ್ನು ಬಸ್ಸಿನಲ್ಲಿ ಕಂಡವನು ನನ್ನ ಕಡೆ ಒಮ್ಮೆ ನೋಡಿದ. ಆ ನೋಟದ ಎದುರು ಕೂರುವುದಕ್ಕಿಂತ ಬಾತಾಗಿ ಆ ಕೆರೆಯಲ್ಲಿ ಕೂರುವುದು ವಾಸಿಯೆನಿಸಿತು.

ಕಚೇರಿಯಲ್ಲಿ ಅಧಿಕಾರಿ ಒಡೇರಿಗೆ ಕುರ್ಚಿ ಕೊಟ್ಟು ಕಾಗದವನ್ನು ಓದಿಕೊಂಡರು. ‘ನೋಡಿಕೊಂಡಿರುತ್ತಾನೆ’ ಎಂಬಲ್ಲಿಗೆ ಬಂದಾಗ ಪೆನ್ಸಿಲು ನಿಂತಿತು. ಇದು ಕಾವಲಿನವರಿಗೆ ಬರೆಯುವ ಮಾತು, ಕಾವಲಿನವರಿಗೆ ಬೆಳೆ ರಕ್ಷಣೆಯ ಲೈಸನ್ಸು ಕೊಡಲು ಬರುವುದಿಲ್ಲ, ಎಂದು ಮೃದುವಾಗಿಯೇ ಹೇಳಿದರು. ಆಮೇಲೆ ನೇರವಾಗಿ ಕೇಳಿದರು.

“ಈ ಗದ್ದೆ ಉಳೋರು ಯಾರು?”

ಬಾಗಿಲ ಹತ್ತಿರ ನಿಂತಿದ್ದ ಈಡುಗಾರ ಮುಂದೆ ಬಂದು ಕೋವಿಯನ್ನು ಮೇಜಿನ ಮೇಲೆ ಇಟ್ಟ. “ಸ್ವಾಮಿ, ಅವರನ್ನ ಕೇಳ್ಬೇಡಿ. ಕೋವಿ ಇಟ್ಕೊಳ್ಳಿ. ನನಗೆ ಲೈಸನ್ಸು ಬೇಡ.”

ಒಡೇರು ಕೋವಿಯನ್ನೇ ನೋಡುತ್ತಿದ್ದರು. ಸುತ್ತಿದ್ದ ಬಿಳಿ ಬಟ್ಟೆಯ ಮೇಲೆ ಎಣ್ಣೆ ಮೂಡಿಕೊಂಡು ನಳಿಗೆಯ ಆಕಾರ ಕಾಣುತ್ತಿತ್ತು. ಅವರು ಏನನ್ನು ಯೋಚಿಸುತ್ತಿದ್ದರೋ ನನಗೆ ಗೊತ್ತಿಲ್ಲ, ಎಂದೂ ಕೇಳಲಿಲ್ಲ.

“ನೀ ಸುಮ್ನಿರು ಮಾರಾಯ,” ಎಂದರು ಕೊನೆಗೆ. ಅಧಿಕಾರಿಯ ಕಡೆ ತಿರುಗಿ, “ಇವನಪ್ಪ ಉಳ್ತಿದ್ದ. ಅವ ಹೋದ ಮೇಲೆ ಇವ ಉಳ್ತಿದ್ದಾನೆ. ಬರ್ಕೊಳ್ಳಿ, ಸಹಿ ಹಾಕ್ತೇನೆ.”

ಅದೇ ಕಾಗದದ ಕೆಳಗೆ ಅಧಿಕಾರಿ ಎರಡು ಸಾಲು ಬರೆಸಿಕೊಂಡರು. ಒಡೇರು ಸಹಿ ಹಾಕಿ, ಮಸಿ ಆರುವವರೆಗೂ ಊದುತ್ತ ಕೂತರು. ಅವನಪ್ಪನ ಲೈಸನ್ಸಿನ ಮೇಲೆ ಗುಮಾಸ್ತರು ಕೆಂಪು ಶಾಯಿಯಲ್ಲಿ ಗೀಟು ಎಳೆದರು. ಸರ್ಕಾರದ ಲೆಕ್ಕದಲ್ಲಿ ಆ ಹಿರಿಯರು ತೀರಿಕೊಂಡದ್ದು ಅವತ್ತು ಮಧ್ಯಾಹ್ನ ಹನ್ನೆರಡಕ್ಕೆ.

ಬಸ್ಸಿಗೆ ಕಾಯುವಾಗ ಈಡುಗಾರ ಒಡೇರಿಂದ ಮೂರು ಮಾರು ದೂರದಲ್ಲಿ ನಿಂತಿದ್ದ. ಬಹಳ ಹೊತ್ತು ಬಿಟ್ಟು ಹತ್ತಿರ ಬಂದು, ಲೈಸನ್ಸು ಕೈಗೆ ಬಂದ ಮೇಲೆ ಆ ಕಾಗದವನ್ನು ವಾಪಸು ಕೇಳಿದರೆ ಕೊಡುತ್ತಾರೋ, ಕೊಟ್ಟರೆ ತಂದು ಒಪ್ಪಿಸುತ್ತೇನೆ, ಎಂದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

“ಕೊಟ್ರೂ ತರ್ಬೇಡ,” ಎಂದರು ಒಡೇರು. “ನಮ್ಮನೇಲಿ ಅದನ್ನ ಇಡೋಕೆ ಜಾಗ ಇಲ್ಲ.”

ಅವರಿಗೆ ಅದರ ಬೆಲೆ ಗೊತ್ತಿತ್ತು. ಮುಂದೆ ಒಂದು ಕಾಲದಲ್ಲಿ ಕಾನೂನು ಬಂದು, ಉಳುವವರೆಲ್ಲ ಅರ್ಜಿ ಹಾಕಿಕೊಂಡಾಗ, ಹಲವರು ಸಾಕ್ಷಿಗಾಗಿ ವರ್ಷಗಟ್ಟಲೆ ಅಲೆದರು. ಈಡುಗಾರ ಆ ಕಾಗದದ ಬಲದಿಂದ ಒಂದೇ ದಿನದಲ್ಲಿ ಮುಗಿಸಿ ಬಂದ. ಅದೆಲ್ಲ ಬಹಳ ಆಮೇಲಿನ ಮಾತು.

ಹೊಸ ಲೈಸನ್ಸು ಕಾರ್ತಿಕದ ಕೊನೆಯಲ್ಲಿ ಬಂತು, ಅವನ ಹೆಸರಿನಲ್ಲಿ. ಸಂಘ ಮತ್ತೆ ಸೇರಿತು. ಒಡೇರು ಉತ್ಸಾಹದಲ್ಲಿದ್ದರು. ಸೀಮೆಎಣ್ಣೆ ಸ್ಟೋವನ್ನು ಶಾಲೆಗೇ ತಂದು ಹಚ್ಚಿ ಪರೀಕ್ಷೆ ಮಾಡಿ ತೋರಿಸಿದರು. ತಾಲ್ಲೂಕಿನ ಗಡಿ ದಾಟುವುದಕ್ಕೆ ಇನ್ನೊಂದು ಅರ್ಜಿ ಬರೆಯಬೇಕಾಗುತ್ತದೆ ಎಂದು ಪೆನ್ನು ತೆಗೆದೆ. ಇಬ್ಬರೂ ಒಟ್ಟಿಗೇ ಬೇಡವೆಂದರು. ಬೇಕಾದರೆ ಭಾವನಿಂದ ಅಲ್ಲೇ ಒಂದು ಕೋವಿ ಕೇಳಿ ಪಡೆಯುವ, ಹೊರಡುವ ದಿನ ಗೊತ್ತುಮಾಡುವ, ಎಂದರು ಒಡೇರು.

ಈಡುಗಾರ ತಲೆ ಕೆರೆದುಕೊಂಡ. ಬಾತು ಇಳಿಯುವುದು ಮಾರ್ಗಶಿರದಲ್ಲಿ. ಕದಿರು ಬಲಿಯುವುದೂ ಮಾರ್ಗಶಿರದಲ್ಲಿಯೇ.

“ನಾನು ಬರಾಕಾಗಲ್ಲ ಒಡೇರೇ. ಗದ್ದೆ ಕಾಯ್ತೀನಿ ಅಂತ ಸರ್ಕಾರಕ್ಕೆ ಬರ್ಕೊಟ್ಟಿದ್ದೀನಿ, ನೀವೂ ಸಹಿ ಹಾಕಿದ್ದೀರಿ. ಈಗ ಹಂದಿಗೆ ಗದ್ದೆ ಬಿಟ್ಟು ಲಂಕೇಲಿ ಬಾತು ಹೊಡೀತಾ ಕೂತ್ರೆ ಚೆಂದ ಅಲ್ಲ.”

ಒಡೇರು ಸ್ಟೋವಿನ ಗಾಳಿ ಬಿಟ್ಟರು. ಅದು ಬುಸ್ಸೆಂದು ಆರಿತು. ಅವನು ಹೇಳಿದ್ದು ಸರಿಯೆಂದು ಅವರ ಮುಖದಲ್ಲೇ ಇತ್ತು, ಲಂಕೆ ಹೋಯಿತೆಂಬುದೂ ಇತ್ತು. ಹಾಗೆಯೇ ಬರೆದುಬಿಡಿ ಮೇಷ್ಟ್ರೇ, ಎಂದರು. ನಾನು ಕೊಲಂಬೋಕ್ಕೆ ಕಾಗದ ಬರೆದೆ: ಈ ವರ್ಷ ಪೈರು ಚೆನ್ನಾಗಿ ಬಂದಿದೆ, ಗದ್ದೆ ಉಳುವವರಿಗೆ ಅದನ್ನು ಬಿಟ್ಟು ಹೊರಡಲಾಗುವುದಿಲ್ಲ, ಬಾತುಗಳಿಗೆ ತಿಳಿಸಿ. ಒಡೇರು ಅದನ್ನು ಓದಿನೋಡಿ, ‘ಉಳುವವರಿಗೆ’ ಎಂಬ ಮಾತಿನ ಮೇಲೆ ಒಮ್ಮೆ ಬೆರಳಿಟ್ಟು, ಅದನ್ನು ತಿದ್ದದೆ ಲಕೋಟೆಗೆ ಅಂಟು ಹಚ್ಚಿದರು.